ಮಂತ್ರಿಗೆ ಹೋದ ಚೀಟಿ

ಗಿರಣಿ ಮನೆ,
ತಾರೀಕು ಹದಿನಾಲ್ಕು, ಸೋಮವಾರ

ಪ್ರೀತಿಯ ಅಳಿಯನಿಗೆ,

ಮಾವನ ಕಡೆಯಿಂದ ಒಂದು ಮೂಟೆ ಆಶೀರ್ವಾದ. ಗಿರಣಿಯವನು ಕೊಟ್ಟದ್ದಾದರೂ ತೂಕದಲ್ಲಿ ಮೋಸವಿಲ್ಲ, ಬೇಕಾದರೆ ತೂಗಿ ನೋಡಿಕೊ. ನಾವಿಲ್ಲಿ ಕ್ಷೇಮ ಎಂದು ಬರೆಯೋಣವೆಂದರೆ ಅದು ನಿನ್ನ ಇಲಾಖೆಯ ಉತ್ತರದ ಹಾಗೆ ಕೇಳಿಸುತ್ತದೆ. ಅದಕ್ಕೇ ಬರೆಯುವುದಿಲ್ಲ.

ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ರಾಜಧಾನಿಯಿಂದ ಬಂದ ಮಾರನೆಯ ದಿನವೇ ಬರೆಯಲು ಕೂತೆ. ಪೆನ್ನು ಸರಿಯಿಲ್ಲ ಎಂದು ಎದ್ದೆ. ಮತ್ತೆ ಕೂತೆ, ಕಣ್ಣಿಗೆ ಹಿಟ್ಟು ಬಿತ್ತು ಎಂದು ಎದ್ದೆ. ಫೋನ್ ಮಾಡಬಹುದಿತ್ತಲ್ಲ ಮಾವ ಅನ್ನುತ್ತೀಯ. ನನ್ನ ಗಂಟಲು ನಿನಗೆ ಗೊತ್ತಿಲ್ಲದ್ದೇ? ಗಿರಣಿಯ ಸದ್ದಿನ ಜೊತೆ ಜಗಳವಾಡಿ ಬೆಳೆದ ಗಂಟಲು. ನಾನು ಫೋನಿನಲ್ಲಿ ಗುಟ್ಟು ಹೇಳಿದರೆ ಕಾಲುವೆಯ ಆಚೆ ದಡದವರು ಹೂಂಗುಟ್ಟುತ್ತಾರೆ. ಕಾಗದದಲ್ಲಾದರೆ ನನ್ನಂಥವನೂ ಮೆಲ್ಲಗೆ ಮಾತಾಡಬಹುದು.

ಊರಿನ ಸುದ್ದಿ ಮೊದಲು. ಗಿರಣಿಯ ಬೆಲ್ಟು ಹೊಸದು ಹಾಕಿಸಿದ್ದೇನೆ. ನಿನ್ನ ಅತ್ತೆಯ ಕಿವಿ ಇನ್ನಷ್ಟು ಮಂದವಾಗಿದೆ. ನಾನು ಬೈದರೂ ನಗುತ್ತಾಳೆ, ಹೊಗಳಿದರೂ ನಗುತ್ತಾಳೆ, ಹೀಗಾಗಿ ನಮ್ಮ ಸಂಸಾರ ಸುಸೂತ್ರ. ನಿಮ್ಮ ಇಲಾಖೆಯ ಇಲ್ಲಿನ ಕಚೇರಿಯಲ್ಲಿ ನನಗೆ ಇಟ್ಟ ಹೆಸರು ಈಗ ಪೇಟೆಯವರೆಗೂ ಹಬ್ಬಿದೆ. ನಾನು ಮೆಟ್ಟಿಲು ಹತ್ತುವುದು ಕಂಡರೆ ಸಾಕು, ಗುಮಾಸ್ತ ಒಳಗಿನವರಿಗೆ "ಪ್ರಶ್ನೆಪತ್ರಿಕೆ ಬಂತು" ಎಂದು ಕೂಗುತ್ತಾನೆ, ಎಲ್ಲರೂ ಒಟ್ಟಿಗೆ ಚಹಾಕ್ಕೆ ಎದ್ದುಬಿಡುತ್ತಾರೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನೊಬ್ಬ ಒಂದು ಇಡೀ ಕಚೇರಿಯನ್ನು ಕುರ್ಚಿಯಿಂದ ಎಬ್ಬಿಸುತ್ತಾನೆಂದರೆ ಸಣ್ಣ ಮಾತೇ? ನಿನ್ನ ಪದವಿಗಳಿಂದ ಆದೀತೇ ಹೇಳು.

ಸೇತುವೆಯ ವಿಷಯ ನಿನಗೆ ಗೊತ್ತಿರುವುದೇ. ಆದರೂ ಮೊದಲಿಂದ ಬರೆಯುತ್ತೇನೆ, ಸರ್ಕಾರಿ ನೌಕರರಿಗೆ ಹಿನ್ನೆಲೆ ಬೇಕಂತಲ್ಲ. ಗಿರಣಿಯ ಹಿಂದಿನ ಕಾಲುಸೇತುವೆಯ ಎರಡೂ ಪಕ್ಕದ ಕಂಬಿಗಳನ್ನು ನಿಮ್ಮ ಇಲಾಖೆಯವರು ಬಿಚ್ಚಿಕೊಂಡು ಹೋದರು. ತುಕ್ಕು ಹಿಡಿದಿದೆ, ಬಣ್ಣ ಬಳಿಸಿ ತರುತ್ತೇವೆ ಎಂದರು. ಆ ಬಣ್ಣ ಇನ್ನೂ ಒಣಗಿಲ್ಲ. ಹೋದ ವರ್ಷ ಒಂದು ಸಂಜೆ, ನನ್ನ ಮಗ, ನಿನ್ನ ಭಾವ, ಸೈಕಲ್ಲಿನ ಹಿಂದೆ ಹಿಟ್ಟಿನ ಮೂಟೆ ಹೇರಿಕೊಂಡು ಆಚೆ ದಡದ ಬೇಕರಿಗೆ ಹೊರಟ. ಮಳೆ ಬಂದು ಹಲಗೆ ಜಾರುತ್ತಿತ್ತು. ಕೆಳಗೆ ಬಟ್ಟೆ ಒಗೆಯುತ್ತಿದ್ದವರು ಅವನನ್ನು ನೋಡಲಿಲ್ಲ. ನೀರು ಬೆಳ್ಳಗಾಗಿ ಹರಿದು ಬಂದದ್ದನ್ನು ನೋಡಿದರು. ಸಾಬೂನೆಂದುಕೊಂಡರಂತೆ.

ಅಂದಿನಿಂದ ನಾನು ಕೇಳುತ್ತಿರುವುದು ಇಷ್ಟೇ. ಕಂಬಿ ತೆಗೆದವರು ಯಾರು, ಮತ್ತೆ ಹಾಕದವರು ಯಾರು, ಅವನು ಸತ್ತದ್ದು ಅದರಿಂದಲೇ ಎಂದು ಒಂದು ಸಲ ಬಾಯಿಬಿಟ್ಟು ಹೇಳುವವರು ಯಾರು. ಹಣ ಕೇಳಿದೆನೇ? ಕೊಡಲು ಬಂದರೂ ಮುಖಕ್ಕೆ ಎಸೆಯುತ್ತಿದ್ದೆ. ಒಂದು ಮಾತು ಕೇಳಿದೆ. ಅದನ್ನು ಕೊಡುವವರಿಲ್ಲ.

ದಾರಿ ಹೇಳಿಕೊಟ್ಟವನು ನೀನೇ. ನೆನಪಿದೆಯಲ್ಲ? ಅವನು ಹೋಗಿ ವರ್ಷ ತುಂಬಿದಾಗ ನೀನು ಬಂದು ಗಿರಣಿಯ ಜಗಲಿಯಲ್ಲಿ ಕೂತು ಹೇಳಿದೆ. "ಮಾವ, ಕಚೇರಿಗೆ ಅಲೆದು ಚಪ್ಪಲಿ ಸವೆಸ್ಬೇಡಿ. ಸದನದಲ್ಲಿ ಪ್ರಶ್ನೆ ಬಂದ್ರೆ ನಾವು ತಪ್ಪಿಸ್ಕೊಳ್ಳೋ ಹಾಗಿಲ್ಲ. ಉತ್ತರ ಕೊಡ್ಲೇಬೇಕು." ಅಂದು ನಿನ್ನ ಬೆನ್ನು ತಟ್ಟಿದೆ. ನೀನು ಹೋದ ಮೇಲೆ, ನಮ್ಮ ಅಳಿಯ ಇರುವುದು ಅದೇ ಇಲಾಖೆಯಲ್ಲಿ, ಉತ್ತರ ಬರೆಯುವುದೇ ಅವನು, ನೋಡ್ತಾ ಇರಿ ಎಂದು ಸಿಕ್ಕ ಸಿಕ್ಕವರ ಮುಂದೆ ಮೀಸೆ ತಿರುವಿದೆ. ಮೀಸೆ ಇಲ್ಲ ನಿಜ, ಇದ್ದ ಹಾಗೆ ತಿರುವಿದೆ.

ಶಾಸಕನನ್ನು ಹಿಡಿದ ಬಗೆ ಕೇಳು. ಸುಮ್ಮನೆ ಅರ್ಜಿ ಕೊಟ್ಟರೆ ಆ ಮನುಷ್ಯ ಜೇಬಿಗಿಟ್ಟುಕೊಂಡು ಧೋಬಿಗೆ ಹಾಕುತ್ತಾನೆ. ಪೇಟೆಯಲ್ಲಿ ಯಾವುದೋ ಅಂಗಡಿ ತೆರೆಯಲು ಬಂದಿದ್ದ, ಹಿಂದೆ ಫೋಟೋದವರು. ನಾನು ಹೋಗಿ ಕೈಮುಗಿದು, ಸೇತುವೆಯ ಮೇಲೆ ನಿಂತರೆ ಹಿಂದೆ ನೀರು, ಮುಂದೆ ಬಿಸಿಲು, ಫೋಟೋ ಬಹಳ ಚೆನ್ನಾಗಿ ಬರುತ್ತದೆ ಎಂದೆ. ನಂಬಿ ಬಂದ. ನಡುವಿಗೆ ಹೋಗುವ ತನಕ ಮುಖದಲ್ಲಿ ನಗುವಿತ್ತು. ನಡುವಿನಲ್ಲಿ ಎರಡೂ ಕಡೆ ನೋಡಿದ, ಹಿಡಿಯಲು ಏನೂ ಇಲ್ಲ. ನನ್ನ ಭುಜ ಹಿಡಿದದ್ದು ಇನ್ನೂ ನೋಯುತ್ತದೆ. ನಾನು ನಿಂತಲ್ಲೇ ನಿಂತು, ನನ್ನ ಮಗ ಬಿದ್ದದ್ದು ಇಲ್ಲೇ ಸ್ವಾಮಿ, ಸದನದಲ್ಲಿ ಕೇಳುತ್ತೀರೋ ಅಥವಾ ನಾನು ಭುಜ ಬಿಡಿಸಿಕೊಳ್ಳಲೋ ಎಂದೆ. ಕೇಳುತ್ತೇನೆ, ಖಂಡಿತ ಕೇಳುತ್ತೇನೆ ಎಂದ. ಆಡಿದ ಮಾತಿಗೆ ತಪ್ಪಲಿಲ್ಲ, ಕೇಳಿದ.

ಪ್ರಶ್ನೆ ಬರುವ ದಿನ ನಾನೂ ನಿನ್ನ ಅತ್ತೆಯೂ ನಿನಗೆ ತಿಳಿಸದೆ ಸದನಕ್ಕೆ ಬಂದೆವು. ನೋಡಿ ದಂಗಾಗಲಿ ಎಂದು ನನ್ನ ತುಂಟತನ. ನಿನ್ನ ಅತ್ತೆ ಕೈಚೀಲದಲ್ಲಿ ನಿನಗೆಂದು ಹೆಣೆದ ಮಫ್ಲರ್ ಇಟ್ಟುಕೊಂಡಿದ್ದಳು. ಬಾಗಿಲಲ್ಲಿ ನನ್ನ ಪೆನ್ನು, ಬೆಂಕಿಪೊಟ್ಟಣ, ಛತ್ರಿ ಎಲ್ಲ ಕಿತ್ತುಕೊಂಡರು. ಮಫ್ಲರನ್ನೂ ಜಾಡಿಸಿ, ಬೆಳಕಿಗೆ ಹಿಡಿದು ನೋಡಿದರು. ಮೇಲೆ ಜನ ಕೂರುವ ಗ್ಯಾಲರಿಯಲ್ಲಿ ಬಗ್ಗಬಾರದು, ಕಾಲಿನ ಮೇಲೆ ಕಾಲು ಹಾಕಬಾರದು, ಪಿಟ್ ಎನ್ನಬಾರದು. ನನ್ನನ್ನು ಪಿಟ್ ಎನ್ನದೆ ಕೂರಿಸಿದ ಮೊದಲ ಸರ್ಕಾರ ಇದೇ.

ಕೆಳಗೆ ಅಗಲವಾದ ಸಭಾಂಗಣ, ತೊಗಲಿನ ಕುರ್ಚಿಗಳು, ಅರ್ಧ ಖಾಲಿ. ಮಂತ್ರಿಯ ಹಿಂದೆ ಮರದ ಕಟಕಟೆ, ಅದರೊಳಗೆ ಕಡತ ತೊಡೆಯ ಮೇಲಿಟ್ಟುಕೊಂಡು ಅಧಿಕಾರಿಗಳು. ಆ ಕಟಕಟೆಯ ಕಂಬಿ ಮಾತ್ರ ಎಷ್ಟು ಗಟ್ಟಿ, ಎಷ್ಟು ಪಾಲಿಶು. ಕೂತವರು ಬೀಳಬಾರದಲ್ಲ.

ಉತ್ತರದ ಪ್ರತಿ ಶಾಸಕನ ಆಳು ನಮಗೂ ಒಂದು ಕೊಟ್ಟಿದ್ದ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ನಡುವೆ ಉದ್ದಕ್ಕೆ ಒಂದು ಗೆರೆ, ನಮ್ಮ ಕಾಲುವೆಯ ಹಾಗೆ. ಕಂಬಿ ತೆಗೆದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದೆ. ಮತ್ತೆ ಹಾಕುವುದು ಯಾವಾಗ? ಅನುದಾನದ ಲಭ್ಯತೆಯನ್ನು ಆಧರಿಸಿ ಪರಿಶೀಲಿಸಲಾಗುವುದು. ಇದರಿಂದ ಪ್ರಾಣಹಾನಿ ಆಗಿದೆಯೇ? ಇಲ್ಲ. ಆಗಿದ್ದಲ್ಲಿ ಹೊಣೆ ಯಾರು? ಉದ್ಭವಿಸುವುದಿಲ್ಲ.

ನಮ್ಮ ಶಾಸಕ ಎದ್ದ. ಒಬ್ಬ ಯುವಕ ಸತ್ತಿದ್ದಾನೆ, ಪ್ರಾಣಹಾನಿ ಇಲ್ಲವೆಂದು ಹೇಗೆ ಬರೆದಿರಿ ಎಂದು ಕೇಳಿದ. ಮಂತ್ರಿ ಹಿಂದಕ್ಕೆ ತಿರುಗಿದ. ಕಟಕಟೆಯಿಂದ ಒಂದು ಚೀಟಿ ಹೊರಟಿತು. ಬಿಳಿ ಅಂಗಿಯ ಜವಾನ ಅದನ್ನು ತಂದು ಕೊಟ್ಟ. ಮಂತ್ರಿ ಕನ್ನಡಕ ಏರಿಸಿ ಓದಿದ: "ಮೃತ ವ್ಯಕ್ತಿಗೆ ಮದ್ಯಪಾನದ ಅಭ್ಯಾಸವಿದ್ದು, ಸದರಿ ಘಟನೆಗೂ ಸೇತುವೆಯ ಸ್ಥಿತಿಗೂ ಸಂಬಂಧವಿಲ್ಲವೆಂದು ತಿಳಿದುಬಂದಿದೆ."

ಹಿಂದಿನ ಸಾಲಿನಿಂದ ಯಾರೋ, "ಹಾಗಾದ್ರೆ ಕಂಬಿ ಹಾಕ್ಬೇಕಾದ್ದು ಸೇತುವೆಗಲ್ಲ, ಹೆಂಡದಂಗಡಿಗೆ" ಎಂದ. ಎಲ್ಲರೂ ನಕ್ಕರು. ನಮ್ಮ ಶಾಸಕನೂ ನಕ್ಕ, ನಗದಿದ್ದರೆ ಚೆನ್ನಾಗಿರುವುದಿಲ್ಲವೇನೋ. ಸಭಾಧ್ಯಕ್ಷರು ಮುಂದಿನ ಪ್ರಶ್ನೆ ಎಂದರು. ಮುಗಿಯಿತು. ಒಂದು ಸೇರು ಕಾಳು ಬೀಸುವಷ್ಟು ಹೊತ್ತೂ ಹಿಡಿಯಲಿಲ್ಲ.

ಕೂಗಬೇಕಿತ್ತು. ಈ ಗಂಟಲನ್ನು ನಾನು ಬೆಳೆಸಿದ್ದು ಯಾವ ದಿನಕ್ಕೆ? ಎದ್ದು ಒಂದು ಸಲ ಕೂಗಿದ್ದರೆ ಆ ಸಭಾಂಗಣದ ಗಾಜೆಲ್ಲ ಅದುರುತ್ತಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ನಿನ್ನ ಅತ್ತೆ ನನ್ನ ತೋಳು ಎಳೆದು ಕೇಳಿದಳು.

"ಏನಂತೆ?"

ಅವಳ ಕಿವಿಗೆ ಬಾಯಿಟ್ಟು, "ಕಂಬಿ ಹಾಕಿಸ್ತಾರಂತೆ" ಎಂದೆ.

"ಮತ್ತೆ ನಗ್ತಿರೋದ್ಯಾಕೆ?"

"ಒಪ್ಕೊಂಡ್ರಲ್ಲ, ಖುಷಿಗೆ."

ನನ್ನ ಜೀವಮಾನದಲ್ಲಿ ನೂರು ಸುಳ್ಳು ಹೇಳಿದ್ದೇನೆ, ಎಲ್ಲವೂ ನನ್ನನ್ನು ದೊಡ್ಡವನಾಗಿಸಿಕೊಳ್ಳಲು. ಇದೊಂದು ಮಾತ್ರ ಹಾಗಲ್ಲ.

ಚೀಟಿ ಬರೆದವನು ಜಾಣ. ಬರಹ ಕೂಡ ಮುತ್ತಿನಂತಿದ್ದಿರಬೇಕು, ಮಂತ್ರಿ ಎಲ್ಲೂ ತಡವರಿಸಲಿಲ್ಲ. ಆದರೆ ಮದ್ಯಪಾನದ ಅಭ್ಯಾಸ ಎಂಬುದನ್ನು ಆ ಪುಣ್ಯಾತ್ಮ ಎಲ್ಲಿಂದ ಹೆಕ್ಕಿದನೋ ಎಂದು ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ನಮ್ಮ ಮನೆಯಲ್ಲಿ ಕುಡಿತದ ಕಥೆ ಇರುವುದು ಒಂದೇ. ನಿನಗೆ ಕೆಲಸದ ಆರ್ಡರ್ ಬಂದ ದಿನ ಆಚೆ ದಡದಲ್ಲಿ ಸ್ನೇಹಿತರು ಸೇರಿ ನಿನಗೆ ಕುಡಿಸಿದ್ದರು. ನಿನ್ನ ಭಾವ ಮುಟ್ಟಲಿಲ್ಲ. ನಿನ್ನನ್ನು ಕರೆತರಲೆಂದೇ ಹೋಗಿದ್ದ. ಒಂದು ಕೈಯಲ್ಲಿ ಸೈಕಲ್ಲು, ಇನ್ನೊಂದರಲ್ಲಿ ನಿನ್ನ ಕಾಲರು. ನೀನು ಆ ಪಕ್ಕ ಈ ಪಕ್ಕ ಓಲಾಡಿ, ಕಂಬಿ ಹಿಡಿದು ಹಿಡಿದು ಸೇತುವೆ ದಾಟಿದೆ. ಆಗ ಕಂಬಿ ಇತ್ತು. ಅತ್ತೆ ಕೇಳಿದಾಗ ನಿನ್ನ ಭಾವ, "ಬಿಸಿಲು ಹತ್ತಿದೆಯಮ್ಮ ಅವನಿಗೆ" ಎಂದ. ಗಿರಣಿಯ ಬಾಗಿಲಲ್ಲಿ ನಿಂತಿದ್ದ ನಾನು ಎಲ್ಲ ನೋಡಿ, ನೋಡದವನ ಹಾಗೆ ಒಳಗೆ ಹೋದೆ. ಕುಡಿದವನೂ ಬೀಳಬಾರದೆಂದೇ ಸೇತುವೆಗೆ ಕಂಬಿ ಇರುವುದು, ಅಳಿಯ. ಅಂದು ಅದು ತನ್ನ ಕೆಲಸ ಮಾಡಿತ್ತು.

ಸಭೆ ಮುಗಿದ ಮೇಲೆ ನಿನಗಾಗಿ ಗೇಟಿನ ಹತ್ತಿರ ಕಾದೆವು. ಜವಾನನೊಬ್ಬ ಬಂದು, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದ. ಇನ್ನಷ್ಟು ಹೊತ್ತು ಕಾದೆವು. ಅದೇ ಜವಾನ ಮತ್ತೆ ಬಂದು ಅದನ್ನೇ ಹೇಳಿದ, ಈ ಸಲ ಕೆಳಗೆ ನೋಡಿಕೊಂಡು. ಪಾಪ, ಸಾಹೇಬರಿಗೆ ಎಷ್ಟು ಕೆಲಸ ಎಂದು ನಿನ್ನ ಅತ್ತೆ ಮರುಗಿದಳು. ಕೊನೆಯ ಬಸ್ಸು ಹಿಡಿದೆವು.

ಇಷ್ಟೇ ಸುದ್ದಿ. ಆರೋಗ್ಯ ನೋಡಿಕೊ. ಹೊತ್ತು ಹೊತ್ತಿಗೆ ಊಟ ಮಾಡು, ಕಡತ ನೋಡಿ ನೋಡಿ ಕಣ್ಣು ಹಾಳು ಮಾಡಿಕೊಳ್ಳಬೇಡ. ಇನ್ನೂ ದೊಡ್ಡ ಕುರ್ಚಿ ನಿನಗೆ ಸಿಗಲಿ. ಕೂತಲ್ಲಿ ನಿನ್ನ ಎರಡೂ ಪಕ್ಕಕ್ಕೆ ಗಟ್ಟಿ ಕಂಬಿ ಇರಲಿ ಎಂದು ಹರಸುವ,

ನಿನ್ನ ಮಾವ
(ಪ್ರಶ್ನೆಪತ್ರಿಕೆ)

ಮರೆತದ್ದು: ಲಕೋಟೆ ಅಂಟಿಸುವ ಮುಂಚೆ ನಿನ್ನ ಅತ್ತೆ ಬಂದು, ತನ್ನದೂ ಎರಡು ಮಾತು ಬರೆಯಿರಿ ಎಂದು ಕೂತಿದ್ದಾಳೆ. ಅವಳ ಕಿವಿಯಷ್ಟೇ ಮಂದ, ಕಣ್ಣು ನಿಚ್ಚಳ. ಕಟಕಟೆಯ ತುದಿಯಲ್ಲಿ ಕೂತಿದ್ದ ನಿನ್ನನ್ನು ನನಗಿಂತ ಮೊದಲು ಗುರುತು ಹಿಡಿದವಳು ಅವಳು. ನೀನು ಬರೆದದ್ದು, ಮಡಿಸಿದ್ದು, ಜವಾನನ ಕೈಗೆ ಕೊಟ್ಟದ್ದು ಎಲ್ಲವನ್ನೂ ನೋಡಿದಳು. ನಾನೂ ನೋಡಿದೆ. ನಗು ಎದ್ದಾಗ ನೀನು ತಲೆ ಎತ್ತಿ ಮೇಲೆ ನೋಡಿದೆಯಲ್ಲ, ಅವಳು ಕೈ ಬೀಸಿದ್ದು ನಿನಗೇ.

ನಮ್ಮ ಅಳಿಯ ಚೀಟಿ ಕೊಟ್ಟ ಮೇಲೇ ಮಂತ್ರಿ ಒಪ್ಪಿಕೊಂಡದ್ದು ಎಂದು ಬೀದಿಯ ಪ್ರತಿ ಮನೆಗೂ ಹೋಗಿ ಹೇಳಿ ಬಂದಿದ್ದಾಳೆ. ಜಂಬ ಕೊಚ್ಚುವುದು ಈ ಮನೆಯಲ್ಲಿ ನನ್ನ ಕೆಲಸ. ಈಗ ಅವಳದಾಗಿದೆ, ನಾನು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತೇನೆ. ದಿನಾ ಬೆಳಿಗ್ಗೆ ಸೇತುವೆಯ ತನಕ ಹೋಗಿ, ಕಂಬಿ ಬಂತೇ ಎಂದು ನೋಡಿ ಬರುತ್ತಾಳೆ. ಯಾರಾದರೂ ಅವಳ ಕಿವಿಯ ಹತ್ತಿರ ಬಂದು ನಿಜ ಕೂಗುವ ಮುಂಚೆ ಏನು ಮಾಡಬೇಕೆಂಬುದು ನಿನಗೆ ಬಿಟ್ಟದ್ದು.

ನನ್ನದು ಒಂದೇ ಪ್ರಶ್ನೆ. ತಿಳಿದುಬಂದಿದೆ ಎಂದು ಬರೆದೆಯಲ್ಲ, ಯಾರಿಂದ?

ಅವಳು ಬರೆಸಿದ್ದು ಇಷ್ಟು. ನೀನು ಚೆನ್ನಾಗಿರಬೇಕಂತೆ. ನಮ್ಮ ಮಗನ ಹೆಸರು ಉಳಿಸಿದೆಯಂತೆ. ಮಫ್ಲರ್ ಇದರ ಜೊತೆ ಕಳಿಸುತ್ತಿದ್ದಾಳೆ. ಉಣ್ಣೆ ಹೊಸದಲ್ಲ, ನಿನ್ನ ಭಾವನ ಸ್ವೆಟರ್ ಬಿಚ್ಚಿ ಹೆಣೆದದ್ದು. ಕುತ್ತಿಗೆಗೆ ಬೆಚ್ಚಗಿದೆಯೇ ಎಂದು ಕೇಳಿದ್ದಾಳೆ. ಈ ಪ್ರಶ್ನೆಗಾದರೂ ಉತ್ತರವನ್ನು ಚೀಟಿಯಲ್ಲಿ ಕಳಿಸಬೇಡ, ಬಂದು ಹೇಳು.