ಸಾಸಿವೆ ಗಂಟಿನ ಪೀಪಾಯಿ

ಅಕ್ಟೋಬರ್ 6
ಹದಿನಾಲ್ಕು ಬುಟ್ಟಿ ಸೇಬು ಹಿಂಡಿದೆ. ತೋಳು ಸೋತುಹೋಗಿದೆ. ಒಂದು ಪೀಪಾಯಿ ನನ್ನ ಗಂಡ ಎವರೆಟ್‌ಗೆಂದು ತೆಗೆದಿಟ್ಟೆ. ಕುಡಿತ ಬಿಡಲೆಂದು ಬರ್ಲಿಂಗ್ಟನ್‌ಗೆ ಹೋಗಿ ಆರು ತಿಂಗಳು. ಇವತ್ತು ಕಾಗದ — "ಕ್ರಿಸ್‌ಮಸ್‌ಗೆ ಬರ್ತೀನಿ ಮರ್ಸಿ. ನಮ್ಮ ಸೇಬಿನ ರಸ ಒಂದು ಲೋಟ ಸಿಕ್ಕಿದ್ರೆ ಸಾಕು. ಸಿಹಿಯಾಗೇ ಇರ್ಬೇಕು ಕಣೇ. ಹೆಂಡ ಆದ್ರೆ ಮುಗೀತು ನನ್ ಕಥೆ."
ರಸ ವಾರದೊಳಗೆ ಹುಳಿಬಂದು ಹೆಂಡವಾಗುತ್ತದೆ. ಅತ್ತೆ ಹೆಸ್ಟರ್ ಹಿಂದೆ ಸಾಸಿವೆ ಹಾಕಿ ತಡೆಯುತ್ತಿದ್ದರು. ನಾನೂ ಹಾಕಿದೆ. ಶುದ್ಧವಾಗಿರಲೆಂದು ಚೆನ್ನಾಗಿ ಕುದಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಟ್ಟೆ.

ಅಕ್ಟೋಬರ್ 15
ಪೀಪಾಯಿಗೆ ಕಿವಿಗೊಟ್ಟೆ. ಗುಸುಗುಸು… ಒಂದು ಗುಟುಕಿಗೇ ಗಂಟಲು ಬೆಚ್ಚಗಾಯಿತು. ಕೆಟ್ಟಿತು. ಸಾಸಿವೆ ಕುದಿಸಿ ಹಾಕಿದ್ದೆ ಎಂದಾಗ ಅತ್ತೆ ಊರುಗೋಲು ಕುಟ್ಟಿದರು.
"ಕುದಿಸಿದ್ಯಾ? ಅಯ್ಯೋ ಮಂಕೇ! ಘಾಟೆಲ್ಲ ಒಲೆಗೆ ಕೊಟ್ಟು ಬರೀ ಚರಟ ಹಾಕಿದ್ದೀಯ. ತಣ್ಣೀರಲ್ಲಿ ಅರೀಬೇಕು. ಕಣ್ಣಲ್ಲಿ ನೀರು ಬಂದ್ರೆ ಸಾಸಿವೆಗೆ ಜೀವ ಇದೆ ಅಂತ."
"ಮೊದಲೇ ಹೇಳ್ಬಾರ್ದಿತ್ತಾ?"
"ನೀನು ಕೇಳಿದ್ಯಾ?"
ಕೇಳಿರಲಿಲ್ಲ. ಮಗನನ್ನು ಮನೆಯಿಂದ ಕಳಿಸಿದವಳು ನಾನೆಂದು ಅವರಿಗೆ ಸಿಟ್ಟು. ಮಾತೇ ಕಡಿಮೆ. ಪೀಪಾಯಿಯನ್ನು ಚರಂಡಿಗೆ ಬಗ್ಗಿಸಿದೆ.

ಅಕ್ಟೋಬರ್ 16
ಉಳಿದ ಸೇಬು ಹಿಂಡಿದೆ. ಇದೇ ಕೊನೆ, ಮರಗಳು ಬರಿದು. ತಣ್ಣೀರಲ್ಲಿ ಸಾಸಿವೆ ಅರೆದೆ. ಅತ್ತೆ ಬಂದು ಪಕ್ಕದಲ್ಲಿ ಕುಳಿತರು. ಇಬ್ಬರ ಕಣ್ಣಲ್ಲೂ ನೀರು. ಯಾರೂ ಒರೆಸಿಕೊಳ್ಳಲಿಲ್ಲ.

ಡಿಸೆಂಬರ್ 20
ಎವರೆಟ್‌ನ ಫೋನ್. "ಈಗ್ಲೇ ಬರಲ್ಲ. ಇನ್ನೂ ಧೈರ್ಯ ಸಾಲ್ತಿಲ್ಲ. ಫೆಬ್ರವರಿಗೆ…"
ಆಗಲಿ ಎಂದೆ. ನೆಲಮಾಳಿಗೆಗೆ ಹೋಗಿ ಪೀಪಾಯಿಗೆ ಕೆನ್ನೆ ಒತ್ತಿ ಕುಳಿತೆ. ಒಳಗೆ ಸದ್ದಿಲ್ಲ. ಅವನು ಬೇಕು ನನಗೆ. ಕುಡಿಯದವನು, ಕುಡಿಯುವವನು, ಹೇಗಿದ್ದರೂ… ಇಲ್ಲ, ಹಾಗೆ ಬರೆಯಬಾರದು.
ಮೇಲೆ ಬಂದು ಕೇಳಿದೆ: "ರಸ ಫೆಬ್ರವರಿ ತನಕ ತಡೆಯುತ್ತಾ ಅತ್ತೆ?"
"ಹೊಸ ಗಂಟು ಕಟ್ಟು, ತಡೆಯುತ್ತೆ. ನೀನು ತಡ್ಕೋ."

ಫೆಬ್ರವರಿ 9
ಬಂದ. ಸೊರಗಿದ್ದಾನೆ. ಕೋಟು ಬಿಚ್ಚದೆ ಅಡುಗೆಮನೆಯಲ್ಲಿ ಕುಳಿತ. ಲೋಟ ಮುಂದಿಟ್ಟೆ. ಮುಟ್ಟಲಿಲ್ಲ.
"ಮೊದ್ಲು ನೀನು ಕುಡಿ. ನಂಗೆ ಭಯ."
ಕುಡಿದೆ. ಸಿಹಿ. ಕೊನೆಯಲ್ಲಿ ಚೂರು ಖಾರ. ಅವನ ಕೈಗೆ ಕೊಟ್ಟೆ. ಕೈ ನಡುಗಲಿಲ್ಲ. ಒಂದು ಹನಿಯೂ ಮೇಜಿಗೆ ಚೆಲ್ಲಲಿಲ್ಲ. ಅತ್ತೆ ಆ ಕೈಯನ್ನೇ ನೋಡುತ್ತಿದ್ದರು.
"ಇನ್ನೊಂದು," ಎಂದ.
ಹತ್ತು ವರ್ಷ ಈ ಮಾತಿಗೆ ಎದೆ ಝಲ್ಲೆನ್ನುತ್ತಿತ್ತು. ಇವತ್ತು ನೆಲಮಾಳಿಗೆಗೆ ಓಡಿದೆ. ಮತ್ತೆ ಕರೆಯುತ್ತಿದ್ದಾನೆ, ಮೂರನೆಯದಕ್ಕೆ. ಹೋಗಿ ತಂದು ಕೊಡಬೇಕು, ಉಳಿದದ್ದು ನಾಳೆ ಬರೆಯುವೆ.