ದೊಡ್ಡ ಓಟದ ಬೆಳಿಗ್ಗೆ

ಹಾಸ್ಟೆಲಿನ ಸಿಕ್‌ರೂಮು
ಮಾರ್ಚ್ ೯, ಭಾನುವಾರ

ಪ್ರೀತಿಯ ಅಣ್ಣನವರಿಗೆ,

ತಂಗಿಯ ನಮಸ್ಕಾರಗಳು. ಅತ್ತಿಗೆಗೂ ತಿಳಿಸಿ. ನಿಮ್ಮ ಮೂರು ಕಾಗದಗಳೂ ಬಂದಿವೆ. "ಸ್ಪೋರ್ಟ್ಸ್ ಡೇ ಮುಗಿದು ತಿಂಗಳಾಯಿತು, ಫಲಿತಾಂಶ ಎಲ್ಲಿ? ಸಿಕ್‌ರೂಮಿಗೆ ಬೀಗ ಬಿತ್ತೋ, ಸಿಸ್ಟರೇ ಹಾಸಿಗೆ ಹಿಡಿದರೋ?" ಎಂದು ಮೂರನೆಯದರಲ್ಲಿ ರೇಗಿದ್ದೀರಿ. ರೇಗಿ, ರೇಗುವ ಹಕ್ಕು ನಿಮಗಿದೆ. ನಾನು ಒಡಹುಟ್ಟಿದವಳಲ್ಲ, ಆದರೂ ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಟ್ರಂಕು ಹಿಡಿದು ಈ ಗೇಟಿನೊಳಗೆ ಬಂದವಳನ್ನು ಮೊದಲ ದಿನವೇ "ಬಾರಮ್ಮ ತಂಗಿ" ಎಂದು ಮನೆಗೆ ಊಟಕ್ಕೆ ಕರೆದೊಯ್ದವರು ನೀವು. ಪ್ರತಿ ವರ್ಷ ವಾರದೊಳಗೆ ಬರೆಯುತ್ತಿದ್ದೆ. ಈ ಸಲ ಯಾಕೆ ತಡವಾಯಿತೆಂದರೆ, ಕೂತಾಗೆಲ್ಲ ಯಾವನೋ ಮೊಣಕಾಲು ತರಚಿಕೊಂಡು ಬರುತ್ತಿದ್ದ. ಈ ನೆಪವನ್ನು ನೀವು ನಂಬುವುದಿಲ್ಲ ಎಂದು ನನಗೂ ಗೊತ್ತು. ತಪ್ಪಾಯಿತು.

ಅತ್ತಿಗೆಯ ಮಂಡಿನೋವು ಹೇಗಿದೆ? ಬಿಸಿನೀರಿನ ಶಾಖ ಬಿಡಬಾರದು. ನೀವು ಅವರಿಗೂ ಡ್ರಿಲ್ ಮಾಡಿಸುತ್ತೀರಂತೆ, "ಒಂದ್, ಎರಡ್" ಎಂದು ಅಂಗಳದಲ್ಲಿ ಕೂಗುತ್ತೀರಂತೆ. ಪಾಪ, ಅವರನ್ನು ಬಿಟ್ಟುಬಿಡಿ.

ಈಗ ಸುದ್ದಿಗೆ ಬರುತ್ತೇನೆ. ಈ ವರ್ಷ ಗೆದ್ದದ್ದು ಹಳದಿ ತಂಡ, ನಿಮ್ಮ ಹಳದಿ. ಹಗ್ಗಜಗ್ಗಾಟದಲ್ಲಿ ಅಡುಗೆಮನೆಯವರು ಮೇಷ್ಟ್ರುಗಳನ್ನು ಎಳೆದು ನೆಲಕ್ಕೆ ಕೆಡವಿದರು. ಗಣಿತದವರ ಕನ್ನಡಕ ಮಣ್ಣುಪಾಲಾಯಿತು. ಹೊಸ ಡ್ರಿಲ್ ಮೇಷ್ಟ್ರು ಒಳ್ಳೆಯ ಹುಡುಗ, ಕುತ್ತಿಗೆಯಲ್ಲಿ ಎರಡೆರಡು ಗಡಿಯಾರ ನೇತುಹಾಕಿಕೊಂಡು ಓಡಾಡುತ್ತಾನೆ. ಆದರೆ ಬೈಯಲು ಬರುವುದಿಲ್ಲ. ಬೈದ ತಕ್ಷಣ "ಸಾರಿ ಕಣೋ" ಅನ್ನುತ್ತಾನೆ. ನಿಮ್ಮ ಒಂದು ಗದರಿಕೆಗೆ ಮೈದಾನದ ಕಾಗೆಗಳೂ ಸಾಲಾಗಿ ಕೂರುತ್ತಿದ್ದವು.

ಹಳೆಯ ವಿದ್ಯಾರ್ಥಿಗಳು ಅರವತ್ತು ಮಂದಿ ಬಂದಿದ್ದರು. ಸಿನಿಮಾ ನೋಡಲು ಗೋಡೆ ಹಾರುತ್ತಿದ್ದ ನಿಮ್ಮ ಪಟಾಲಮ್ಮು ಈಗ ಕುರ್ಚಿಯಿಂದ ಏಳಲು ಎರಡೂ ಕೈ ಊರುತ್ತದೆ. ಅವರಿಗೆಂದು ಇಟ್ಟಿದ್ದ ನೂರು ಮೀಟರ್ ಓಟವನ್ನು ಐವತ್ತಕ್ಕೆ ಇಳಿಸಿದರು, ಅದರಲ್ಲೂ ಇಬ್ಬರು ಅರ್ಧದಲ್ಲೇ ಕೂತುಬಿಟ್ಟರು. ಮಾತೇ ಆಡದೆ 'ಮೂಗ' ಎನ್ನಿಸಿಕೊಂಡಿದ್ದವನು ವಕೀಲನಾಗಿದ್ದಾನೆ, ಮೈಕು ಸಿಕ್ಕರೆ ಬಿಡುವುದಿಲ್ಲ. 'ಉದ್ದಣ್ಣ' ಸೇತುವೆ ಕಟ್ಟಿಸುತ್ತಾನೆ. ಎಲ್ಲರೂ ಕೇಳಿದ್ದು ಒಂದೇ: "ಡ್ರಿಲ್ ಸರ್ ಹೇಗಿದಾರೆ ಸಿಸ್ಟರ್? ಯಾಕೆ ಒಂದು ಸಲಾನೂ ಬರಲ್ಲ?" ವಯಸ್ಸಾಯಿತಪ್ಪ, ಪ್ರಯಾಣ ಆಗುವುದಿಲ್ಲ ಎಂದೆ.

ಈಗ ಹೇಳಲೇಬೇಕಾದದ್ದು. ದೊಡ್ಡ ಓಟ ಮತ್ತೆ ಶುರುವಾಯಿತು, ಅಣ್ಣ. ಶಾಲೆಯ ಕಾಂಪೌಂಡಿನ ಸುತ್ತ ಮೂರು ಸುತ್ತು, ಅದೇ ಹಾದಿ. ನಮ್ಮ ಹುಡುಗ ಗುಬ್ಬಿ ಸತ್ತ ವರ್ಷ ನಿಂತದ್ದು, ಇಪ್ಪತ್ತೆರಡು ವರ್ಷದ ಮೇಲೆ ಮತ್ತೆ ಓಡಿದರು. ಈಗ ಅದಕ್ಕೆ ಗುಬ್ಬಿಯ ಹೆಸರಿಟ್ಟಿದ್ದಾರೆ. ಓಟಕ್ಕೆ ಮುಂಚೆ ಪೇಟೆಯ ಡಾಕ್ಟರು ಒಬ್ಬೊಬ್ಬ ಹುಡುಗನ ಎದೆಗೂ ಕೊಳವೆ ಇಟ್ಟು ನೋಡಿದರು. ನಾನು ನೀರಿನ ಟ್ಯಾಂಕಿನ ತಿರುವಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ. ಹದಿಮೂರರ ಆ ಮಗು ಕುಸಿದ ಜಾಗ ಅದೇ ತಾನೆ. ನೀವು ಅವನನ್ನು ಹೆಗಲಿಗೆ ಹಾಕಿಕೊಂಡು ಸಿಕ್‌ರೂಮಿನ ಮೆಟ್ಟಿಲವರೆಗೆ ಓಡಿ ಬಂದದ್ದು, ಬಂದಾಗ ಅವನಿಗೆ ಉಸಿರಿಲ್ಲದ್ದು, ಇದನ್ನೆಲ್ಲ ನಾನು ನಿಮಗೆ ನೆನಪಿಸಬೇಕಾಗಿಲ್ಲ. ಈ ಸಲ ಮೂವತ್ತೊಂದು ಹುಡುಗರು ಓಡಿದರು, ಮೂವತ್ತೊಂದೂ ಮೂರು ಸಲ ನನ್ನ ಮುಂದೆ ಹಾದುಹೋಗುವುದನ್ನು ಎಣಿಸಿದೆ.

ಬಹುಮಾನ ಕೊಡಲು ಗುಬ್ಬಿಯ ಅಮ್ಮನನ್ನು ಕರೆಸಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ಗೆದ್ದ ಹುಡುಗನ ತಲೆಯ ಮೇಲೆ ಕೈಯಿಟ್ಟವರು ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ಆ ಹುಡುಗ ಬಹುಮಾನದ ಬಟ್ಟಲು ಹಿಡಿದುಕೊಂಡು ಅಲುಗಾಡದೆ ನಿಂತಿದ್ದ. ಆಮೇಲೆ ಆ ತಾಯಿ ನನ್ನ ಪಕ್ಕದಲ್ಲಿ ಬಂದು ಕೂತು ಕೇಳಿದರು: "ಓಡಿಸಿದ ಮೇಷ್ಟ್ರು ಬಂದಿಲ್ವಾ?"

"ಇಲ್ಲಮ್ಮ" ಎಂದೆ.

"ಅವರಿಗೆ ನೀವು ಕಾಗದ ಬರೀತೀರಂತೆ. ನಾನು ಅವರ ಮೇಲೆ ಇಟ್ಟಿದ್ದ ಸಿಟ್ಟು ಬಿಟ್ಟಿದೀನಿ ಅಂತ ಬರೀರಿ. ಅವತ್ತು ಅವರಿಗೆ ಶಾಪ ಹಾಕಿದ್ದೆ. ಅವರೂ ಮಕ್ಕಳೊಂದಿಗರು. ಸಾಯೋಕೆ ಮುಂಚೆ ಆ ಮಾತು ವಾಪಸ್ ತಗೋಬೇಕು ಅನ್ನಿಸಿತು."

ಅವರು ಹೇಳಿದ್ದನ್ನು ಅಕ್ಷರ ಬಿಡದೆ ಬರೆದಿದ್ದೇನೆ.

ಆ ದಿನ ಇನ್ನೊಬ್ಬ ಬಂದಿದ್ದ. 'ಹೊಟ್ಟೆನೋವು' ನೆನಪಿದ್ದಾನೆಯೇ? ಪ್ರತಿ ಸ್ಪೋರ್ಟ್ಸ್ ಡೇ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಸಿಕ್‌ರೂಮಿಗೆ ಬರುತ್ತಿದ್ದ ಗುಂಡಣ್ಣ. ಈಗ ದರ್ಜಿ, ಶಾಲೆಗಳಿಗೆ ಸಮವಸ್ತ್ರ ಹೊಲಿದುಕೊಡುತ್ತಾನೆ. ಎಲ್ಲರೂ ಊಟಕ್ಕೆ ಹೋದಾಗ ಒಬ್ಬನೇ ಸಿಕ್‌ರೂಮಿಗೆ ಬಂದು ಕಿಟಕಿಯ ಪಕ್ಕದ ಹಾಸಿಗೆಯ ಮೇಲೆ ಕೂತ. "ಏನೋ, ಇವತ್ತೂ ಹೊಟ್ಟೆನೋವಾ?" ಎಂದು ನಕ್ಕೆ. ಅವನು ನಗಲಿಲ್ಲ.

"ಅವತ್ತು ನಾನು ಸುಳ್ಳು ಹೇಳಿದ್ದೆ ಸಿಸ್ಟರ್. ಏನೂ ನೋವಿರ್ಲಿಲ್ಲ. ನೀವು ನಂಬಿ ಇದೇ ಹಾಸಿಗೇಲಿ ಮಲಗಿಸಿದ್ರಿ. ಪ್ರಾಕ್ಟೀಸಲ್ಲಿ ನಾನೂ ಗುಬ್ಬೀನೂ ಯಾವಾಗ್ಲೂ ಕೊನೇಲಿ ಓಡ್ತಿದ್ವಿ. ಟ್ಯಾಂಕಿನ ಹತ್ರ ಬಂದ ಕೂಡ್ಲೇ ಇಬ್ರೂ ನಡೆಯೋಕೆ ಶುರು ಮಾಡ್ತಿದ್ವಿ, ಯಾರಿಗೂ ಕಾಣಲ್ಲ ಅಂತ. ನಾನಿದ್ದಿದ್ರೆ ಅವತ್ತೂ ನಡೀತಿದ್ದ. ಒಬ್ಬನೇ ಆದ, ಓಡಿದ."

ಮೂವತ್ತೈದರ ಗಂಡಸು, ಇಬ್ಬರು ಮಕ್ಕಳ ತಂದೆ, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. "ಹದಿಮೂರು ವರ್ಷದ ಹುಡುಗನ ಸುಳ್ಳಿಗೆ ಅಷ್ಟು ತೂಕ ಇರೋದಿಲ್ಲ ಕಣೋ. ನಿನ್ನದೇನೂ ತಪ್ಪಿಲ್ಲ. ಏಳು, ಊಟ ತಣ್ಣಗಾಗುತ್ತೆ" ಎಂದು ಬೆನ್ನು ಸವರಿದೆ. ಆದರೆ ಅವನು ತಕ್ಷಣ ಏಳಲಿಲ್ಲ.

ನನಗೆ ಮೇ ತಿಂಗಳಿಗೆ ನಿವೃತ್ತಿ. ಹುಡುಗರು ಈಗಲೇ ಬೀಳ್ಕೊಡುಗೆಯ ಹಾಡು ಅಭ್ಯಾಸ ಮಾಡುತ್ತಿದ್ದಾರೆ, ನನಗೆ ಕೇಳಿಸಬಾರದೆಂದು ಸ್ನಾನದ ಮನೆಯಲ್ಲಿ ನಿಂತು ಹಾಡುತ್ತಾರೆ. ಅಲ್ಲಿ ಹಾಡಿದರೆ ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಆಮೇಲೆ ಅಕ್ಕನ ಮಗಳ ಮನೆಗೆ ಹೋಗುತ್ತೇನೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ಬಿಸಿಲಿನಲ್ಲಿ ತಿರುಗಬೇಡಿ. ನೀವಿಬ್ಬರೂ ನೂರು ಕಾಲ ತಣ್ಣಗಿರಿ, ಮಗಳಿಗೆ ಮೊಮ್ಮಕ್ಕಳಿಗೆ ಯಾವ ಕೆಡುಕೂ ತಟ್ಟದಿರಲಿ. ಹಾರೈಸಲು ನನಗೆ ಯೋಗ್ಯತೆ ಇದೆಯೋ ಇಲ್ಲವೋ, ಹಾರೈಕೆ ಮಾತ್ರ ನಿಜವಾದದ್ದು.

ಇತಿ,
ನೀವು ತಂಗಿಯೆಂದು ಕರೆದ
ಸಿಕ್‌ರೂಮಿನ ಸಿಸ್ಟರ್

ತಾ.ಕ.: ಸಹಿ ಹಾಕಿ ಲಕೋಟೆಗೆ ಸೇರಿಸಿದ್ದೆ. ಮತ್ತೆ ತೆಗೆದಿದ್ದೇನೆ. ಮೊಣಕಾಲಿನ ನೆಪ ಬಿಟ್ಟರೆ ಮೇಲೆ ಬರೆದದ್ದು ಯಾವುದೂ ಸುಳ್ಳಲ್ಲ, ಆದರೆ ಅರ್ಧ.

ಹೊಟ್ಟೆನೋವು ಏಳಲಿಲ್ಲ ಎಂದೆನಲ್ಲ, ಅವನು ಇನ್ನೊಂದು ಮಾತು ಕೇಳಿದ. "ಸಿಸ್ಟರ್, ಅವತ್ತು ಬೆಳಿಗ್ಗೆ ಗುಬ್ಬಿ ಇಲ್ಲಿಗೆ ಬಂದಿದ್ದ ಅಲ್ವಾ? ನಾನು ಕಣ್ಣು ಮುಚ್ಚಿದ್ದೆ ಅಷ್ಟೆ, ನಿದ್ದೆ ಬಂದಿರ್ಲಿಲ್ಲ. ಆದ್ರೆ ನೀವು ವಿಚಾರಣೇಲಿ ಬಂದಿರ್ಲಿಲ್ಲ ಅಂದ್ರಿ ಅಂತ ಕೇಳ್ದೆ. ಹಾಗಾದ್ರೆ ನಾನು ಕನಸು ಕಂಡಿದ್ನಾ?"

ಹೌದು, ಕನಸೇ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನಿಗೆ ಬೇಕಾಗಿದ್ದದ್ದೂ ಅದೇ ಇರಬಹುದು. ನನ್ನ ಬಾಯಿಯಿಂದ "ಕನಸಲ್ಲ ಕಣಪ್ಪ" ಎಂದು ಬಂತು.

ಗುಬ್ಬಿ ಬಂದಿದ್ದ, ಅಣ್ಣ. ಓಟಕ್ಕೆ ಅರ್ಧ ಗಂಟೆ ಇತ್ತು. ಬಾಗಿಲಲ್ಲಿ ನಿಂತು "ಸಿಸ್ಟರ್, ಎದೆ ಒಂಥರಾ ಹೊಡ್ಕೊಳ್ತಿದೆ, ಕಣ್ಣು ಕತ್ತಲೆ ಬರುತ್ತೆ" ಎಂದ. ನಾನು ಟಿಂಚರನ್ನು ಚಿಕ್ಕ ಸೀಸೆಗಳಿಗೆ ಸುರಿಯುತ್ತಿದ್ದೆ. ಬೆಳಿಗ್ಗೆಯಿಂದ ಎಂಟು ಜನ ಒಂದೊಂದು ನೋವು ಹೊತ್ತು ಬಂದಿದ್ದರು. ತಲೆ ಎತ್ತದೆಯೇ ಹೇಳಿದೆ: "ಸ್ಪೋರ್ಟ್ಸ್ ಡೇ ದಿನ ಎಲ್ಲರ ಎದೆನೂ ಹೊಡ್ಕೊಳ್ಳುತ್ತೆ. ನೀನು ಒಂಬತ್ತನೆಯವನು. ಹೋಗು, ಹೆದರುಪುಕ್ಕ ಅನ್ನಿಸ್ಕೋಬೇಡ." ಸುಳ್ಳುಗಾರನಿಗೆ ಹಾಸಿಗೆ ಹಾಸಿಕೊಟ್ಟು, ನಿಜ ಹೇಳಿದವನನ್ನು ಓಡಲು ಕಳಿಸಿದೆ. ನಾಡಿ ಹಿಡಿದು ನೋಡಲು ಅರ್ಧ ನಿಮಿಷ ಸಾಕಿತ್ತು.

ವಿಚಾರಣೆಯಲ್ಲಿ "ನಿಮ್ಮ ಹತ್ತಿರ ಬಂದಿದ್ದನೇ?" ಎಂದು ಕೇಳಿದಾಗ "ಇಲ್ಲ" ಎಂದೆ. ಎದುರಿಗೆ ನೀವು ಕೂತಿದ್ದಿರಿ. "ಹುಡುಗ ನನಗೆ ಏನೂ ಹೇಳಲಿಲ್ಲ. ಆದರೆ ಮುಖ ನೋಡಿ ನಾನೇ ತಿಳಿಯಬೇಕಿತ್ತು, ತಪ್ಪು ನನ್ನದು" ಎಂದಿರಿ. ವಿಚಾರಣೆಯವರು ಅದನ್ನೇ ಬರೆದುಕೊಂಡರು. ಹದಿನೈದು ದಿನದಲ್ಲಿ ನೀವು ಕೆಲಸ ಬಿಟ್ಟು ಶಾಲೆಯ ಮನೆ ಖಾಲಿ ಮಾಡಿದಿರಿ. ಆವತ್ತಿನಿಂದ ಪ್ರತಿ ವರ್ಷ ತಪ್ಪದೆ ನಿಮಗೆ ಬರೆದೆ. ನೀವು ಅದನ್ನು ತಂಗಿಯ ಪ್ರೀತಿ ಎಂದುಕೊಂಡಿರಿ. ಪ್ರೀತಿಯೂ ಇತ್ತು, ಆದರೆ ಪ್ರೀತಿಯೊಂದೇ ಅಲ್ಲ.

ಈ ತಿಂಗಳು ತಡವಾದದ್ದು ಇದಕ್ಕೆ. ಮೊದಲು ಗುಬ್ಬಿಯ ಅಮ್ಮನ ಮನೆ ಹುಡುಕಿಕೊಂಡು ಹೋಗಿ ಎಲ್ಲ ಹೇಳಿದೆ. ಅವರು ಬೈಯುತ್ತಾರೆ, ಹೊರಗೆ ದಬ್ಬುತ್ತಾರೆ ಎಂದುಕೊಂಡಿದ್ದೆ.  ಅವರು ಕೇಳಿದರು: "ನೀವು ಹೋಗು ಅಂದಾಗ ಅವನು ಏನಂದ?"

"'ಸರಿ ಸಿಸ್ಟರ್' ಅಂದ."

"ಅಳ್ತಿದ್ನಾ?"

ನಾನು ಮುಖ ನೋಡಿರಲಿಲ್ಲ. ಅದನ್ನೂ ಹೇಳಿದೆ. ಅವರು ಎದ್ದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ. ಸಂಜೆಯವರೆಗೆ ಕೂತಿದ್ದು, ಬಾಗಿಲು ಎಳೆದುಕೊಂಡು ಬಂದೆ. ಅವರು ನಿಮಗೆ ಕಳಿಸಿದ ಕ್ಷಮೆ ನಿಮಗೆ ಬೇಕಾಗಿಯೇ ಇರಲಿಲ್ಲ. ಬೇಕಾದವಳಿಗೆ ಅವರು ಕೊಟ್ಟಿಲ್ಲ. ನಾನು ಕೇಳಲೂ ಇಲ್ಲ.

ಮರುದಿನ ಹೆಡ್‌ಮಾಸ್ಟರಿಗೆ ಎಲ್ಲ ಬರೆದು ಸಹಿ ಹಾಕಿ ಕೊಟ್ಟೆ. "ಎರಡು ತಿಂಗಳಲ್ಲಿ ನಿವೃತ್ತಿ ಆಗ್ತೀರಿ, ಈಗ್ಯಾಕೆ ಸಿಸ್ಟರ್ ಇದೆಲ್ಲ?" ಎಂದರು. ನಾನು ಅದನ್ನು ವಾಪಸು ತೆಗೆದುಕೊಳ್ಳಲಿಲ್ಲ. ಅದರ ನಕಲು ಇದರ ಜೊತೆಗಿದೆ. ಶಾಲೆಯ ಆಡಳಿತ ಸಮಿತಿಯವರೂ ನಿಮಗೆ ಬರೆಯುತ್ತಾರೆ. ಬೀಳ್ಕೊಡುಗೆ ಬೇಡವೆಂದಿದ್ದೇನೆ, ಹುಡುಗರಿಗೆ ಇನ್ನೂ ಯಾರೂ ತಿಳಿಸಿಲ್ಲ.

ಉತ್ತರ ಬರೆಯಬೇಕಾಗಿಲ್ಲ. ಆದರೆ ಒಂದು ಕೆಲಸ ಮಾಡಿ. ನೀವು ಹೊರಟ ದಿನ ಲಾರಿಗೆ ಸಾಮಾನು ಹೇರುವಾಗ ಅತ್ತಿಗೆ ನನ್ನ ಕೈ ಹಿಡಿದು, "ನೀವಾದ್ರೂ ಹೇಳಿ ಸಿಸ್ಟರ್, ಇವರ ತಪ್ಪಿತ್ತಾ?" ಎಂದು ಕೇಳಿದ್ದರು. ನಾನು ಪಾತ್ರೆಯ ಗಂಟು ಎತ್ತಿಕೊಡುವವಳಂತೆ ಮುಖ ತಿರುಗಿಸಿದ್ದೆ. ಇವತ್ತು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಗಟ್ಟಿಯಾಗಿ ಓದಿ ಹೇಳಿ:

ಇಲ್ಲ ಅತ್ತಿಗೆ. ಇವರ ತಪ್ಪಿರಲಿಲ್ಲ.