ರೈಲಿಂದ ಇಳಿದು ಅತ್ತವಳು

ಮಾರ್ಚ್ ೧೧, ಮಂಗಳವಾರ

ಇವತ್ತೂ ಉತ್ತರ ಸಿಗಲಿಲ್ಲ. ಅಮ್ಮ ಮೂವತ್ತು ವರ್ಷ ಥಿಯೇಟರ್ ಬಾಗಿಲಲ್ಲಿ ಟಿಕೆಟ್ ಹರಿದವಳು. ಸಿನಿಮಾ ಮುಗಿಯುವ ಹೊತ್ತಿಗೆ ಬಾಗಿಲು ತೆಗೆಯೋಕೆ ಒಳಗೆ ಹೋಗ್ತಿದ್ದಳು, ಹಾಗಾಗಿ ನೋಡಿದ್ದೆಲ್ಲ ಬರೀ ಕೊನೆಯ ಸೀನು. ಈಗ ಹಾಸಿಗೆ ಹಿಡಿದವಳಿಗೆ ಒಂದೇ ಹಟ: "ಆ ಹೀರೋಯಿನ್ ರೈಲಿಂದ ಇಳಿದು ಬಿಕ್ಕಿ ಬಿಕ್ಕಿ ಅಳ್ತಾಳಲ್ಲ, ಯಾಕೆ ಅಂತ ಕೇಳಿ ಹೇಳೇ."

ಆನ್‌ಲೈನ್‌ನಲ್ಲಿ ಸಿನಿಮಾ ಹುಚ್ಚರ ಗುಂಪಿಗೆ ಕೇಳಿದೆ. ಹೆಸರೇನು, ಹೀರೋ ಯಾರು ಅಂತಾರೆ. ಗೊತ್ತಿದ್ದರೆ ಇವರ ಕಾಲು ಯಾಕೆ ಹಿಡೀತಿದ್ದೆ? ಒಬ್ಬನಂತೂ ಕ್ಲೈಮ್ಯಾಕ್ಸ್ ಹೇಳಿಬಿಟ್ಟೆ ಅಂತ ನನಗೇ ಬೈದ.

ಡಾಕ್ಟರ್ ಹೆಚ್ಚೆಂದರೆ ನಾಲ್ಕು ದಿನ ಅಂದಿದ್ದಾರೆ. ಸಂಜೆ ಸೋತು, "ಗಂಡ ಸತ್ತಿದ್ದನಮ್ಮ" ಅಂತ ಸುಳ್ಳು ಹೇಳಿದೆ.

"ಪಕ್ಕದಲ್ಲೇ ಪೆಟ್ಟಿಗೆ ಹಿಡ್ಕೊಂಡು ನಿಂತಿದ್ದ ಕಣೇ," ಅಂದಳು. "ಇನ್ನೊಂದ್ಸಲ ಕೇಳು. ನಾನು ಕಾಯ್ತೀನಿ."

ಕಾಯ್ತಾಳಂತೆ.